ಎರಡು ಎರಡನೇ ಕ್ರಾಸು

ನೆಹರೂ ರೋಡಿನ ಮಹಡಿ ಅಂಗಡಿಯಿಂದ
ಇನ್ನೂರೈವತ್ತಕ್ಕೆ ತಂದ ಎರಡನೇ ನೆಟ್‌ವರ್ಕ್ ಕಾರ್ಡು
ಹಳೇ ವಾರಪತ್ರಿಕೆಯ ಹಾಳೆ ಸುತ್ತಿಕೊಂಡು ಬಂತು.
ಬಿಲ್ಲಿಲ್ಲ. ಗ್ಯಾರಂಟಿ ಕೇಳಿದ್ದಕ್ಕೆ ಜಬೀವುಲ್ಲಾ
ಮೇಲೆ ನೋಡಿದ,
ಫ್ಯಾನಿನ ಕಡೆಯೋ ದೇವರ ಕಡೆಯೋ.

ಕ್ಯಾಬಿನೆಟ್ಟಿನ ಬಗಲು ಬಿಚ್ಚಿದರೆ
ನಾಲ್ಕು ವರ್ಷದ ಧೂಳು, ಒಂದು ಸತ್ತ ಜಿರಲೆ,
ಹೋದ ದೀಪಾವಳಿಗೆ ಕಳೆದಿದ್ದ ಸ್ಕ್ರೂ.
ಖಾಲಿ ಸ್ಲಾಟಿಗೆ ಒತ್ತಿದೆ.
ಬಿಗಿ ಬಳೆ ಮುಂಗೈಗೆ ಇಳಿದ ಹಾಗೆ
ಕೊಂಚ ನೋಯಿಸಿ, ಕೂತಿತು.

ಮೊದಲ ಕಾರ್ಡಿಗೆ ಹೊರಗಿನ ಲೈನು,
ಕಂಬದಿಂದ ಕಿಟಕಿಗೆ, ಕಿಟಕಿಯಿಂದ ಮೋಡೆಮ್ಮಿಗೆ.
ಎರಡನೆಯದಕ್ಕೆ ನೀಲಿ ಕೇಬಲ್ಲು:
ಗೋಡೆಯ ತೂತಿನಲ್ಲಿ ನುಸುಳಿ
ಅಡುಗೆಮನೆ ಮೂಲೆಯ ಮುದುಕಿ ಮೆಷಿನ್ನಿಗೆ.
ಸ್ಟಿಕರ್ ಕಟ್ಟರು ಅದರ ಮಾತನ್ನಷ್ಟೇ ಕೇಳುತ್ತದೆ.
ಮುದುಕಿಯನ್ನು ಹೊರಗೆ ಬಿಡುವಂತಿಲ್ಲ;
ಒಮ್ಮೆ ಬಿಟ್ಟಿದ್ದೆ, ವೈರಸ್ಸು ತಗುಲಿ
ಹದಿನೆಂಟು ಆಟೋಗಳ ಹೆಸರು
ಒಂದೇ ರಾತ್ರಿಗೆ ಅಳಿಸಿಹೋಯಿತು.

ಎರಡೂ ಕಾರ್ಡಿನ ಬೆನ್ನಲ್ಲಿ ಹಸಿರು ದೀಪ.
ಆದರೂ ಏನೂ ಹೋಗದು, ಏನೂ ಬಾರದು.
ಪಿಂಗ್ ಮಾಡಿದೆ.
ಕಾದೆ, ಯಾರೂ ಓಗೊಡಲಿಲ್ಲ, ಎಂದಿತು
ನಾಲ್ಕು ಸಲ.

ಸಂಜೆ, ಪೇಪರು ವಾಪಸು ಕೊಡಲು
ಕೆಳಗಿನ ಮನೆಯ ಗುಡ್ಡಪ್ಪನವರು ಬಂದರು.
ಮೂವತ್ತೊಂದು ವರ್ಷ ಇದೇ ಬಡಾವಣೆಗೆ ಅಂಚೆ ಹಂಚಿದವರು.
ನನ್ನ ಚೀಟಿಯ ಅಂಕಿಗಳನ್ನು ಬಾಯಿಬಿಟ್ಟು ಓದಿದರು:
ನೂರಾ ತೊಂಬತ್ತೆರಡು, ನೂರಾ ಅರವತ್ತೆಂಟು, ಒಂದು, ಹತ್ತು.
ಇದೂ ನೂರಾ ತೊಂಬತ್ತೆರಡು, ನೂರಾ ಅರವತ್ತೆಂಟು, ಒಂದು...
ಕೊನೆಗೆ ಮಾತ್ರ ಇಪ್ಪತ್ತು.
"ಏನಮ್ಮ ವಾರಿಜಾ, ಎರಡೂ ಒಂದೇ ಬೀದಿಯಾ?"
"ಅಲ್ಲ. ಒಂದು ಹೊರಗೆ, ಒಂದು ಅಡುಗೆಮನೆಗೆ."
"ಮತ್ತೆ ಒಂದೇ ಹೆಸರು ಯಾಕಿಟ್ಟೆ?"

ಕುರ್ಚಿ ಎಳೆದುಕೊಂಡರು.
"ಎಂಬತ್ತೆಂಟರಲ್ಲಿ ಇಲ್ಲಿ ಎರಡು ಎರಡನೇ ಕ್ರಾಸಿತ್ತು.
ಕೆರೆ ಕಡೇದೊಂದು, ನೀರಿನ ಟ್ಯಾಂಕಿನ ಕಡೇದೊಂದು.
ಎರಡರಲ್ಲೂ ಒಬ್ಬೊಬ್ಬ ಕಮಲಾಕ್ಷಮ್ಮ.
ಕೆರೆಯವಳ ಮನಿಯಾರ್ಡರು ಟ್ಯಾಂಕಿನವಳಿಗೆ ಕೊಟ್ಟೆ.
ಗೊತ್ತಾಗೋ ಹೊತ್ತಿಗೆ ಅಕ್ಕಿ ತಂದು, ಅನ್ನ ಮಾಡಿ
ಮಕ್ಕಳು ಉಂಡು ಕೈ ತೊಳೆದಾಗಿತ್ತು.
ಅವಳದೇನು ತಪ್ಪು? ನನ್ನ ಸಂಬಳದಲ್ಲಿ ಹಿಡಿದರು.
ಮಾರನೇ ದಿನ ಸುಣ್ಣ ಕಲಸಿಕೊಂಡು ಹೋಗಿ
ಮೂಲೆಕಲ್ಲಿನ ಮೇಲೆ ನಾನೇ ಬರೆದೆ: ಎರಡು ಅ."

ಒಂದನ್ನು ಅಳಿಸಿ ಎರಡು ಮಾಡಿದೆ,
ಇಲ್ಲಿ ಎರಡನೇ ಕಾರ್ಡಿಗೆ, ಅಲ್ಲಿ ಮುದುಕಿಗೆ.
ಗೋಡೆಯಾಚೆ ಕಟ್ಟರು ಕೆಮ್ಮಿ, ತಲೆಯಾಡಿಸಿತು.

ಹೊರಗಿನದು ಇನ್ನೂ ಮುನಿದೇ ಇತ್ತು.
ಗೇಟ್‌ವೇ ಖಾನೆಯನ್ನು ಎರಡರಲ್ಲೂ ತುಂಬಿದ್ದೆ.
ಬಿಟ್ಟ ಸ್ಥಳ ತುಂಬಿರಿ ಎಂದು ಕಲಿತ ಕೈ ಇದು.
"ಇದೇನು ಖಾನೆ?"
"ಗುರುತಿಲ್ಲದ ವಿಳಾಸದ್ದನ್ನೆಲ್ಲ ಕಳಿಸೋ ಜಾಗ."
"ಓ, ಆರ್‌ಎಂಎಸ್ಸು!
ನಮ್ಮ ಬೀಟಿನದು ಬಿಟ್ಟು ಮಿಕ್ಕದ್ದೆಲ್ಲ ಚೀಲಕ್ಕೆ,
ಚೀಲ ರೈಲ್ವೇ ಸ್ಟೇಷನ್ನಿಗೆ.
ನಿನ್ನ ಅಡುಗೆಮನೆಯಿಂದ ರೈಲು ಹೊರಡುತ್ತೇನಮ್ಮ?"

ಹೊರಡುವುದಿಲ್ಲ.
ಅಳಿಸಿದೆ. ಖಾನೆ ಬೆಳ್ಳಗೆ ಕೂತಿತು,
ಎಲೆಯ ಮೇಲೆ ಬೇಡವೆಂದು ಬಿಡಿಸಿಕೊಂಡ ಜಾಗದಂತೆ.
ಇವತ್ತಿಗೂ ಅದನ್ನು ಕಂಡರೆ
ಏನಾದರೂ ಬರೆಯೋಣವೆಂದು ಬೆರಳು ಹೋಗುತ್ತದೆ.

ಮೆಟ್ಟಿಲಿಳಿಯುತ್ತ ಅರ್ಧಕ್ಕೆ ನಿಂತರು ಗುಡ್ಡಪ್ಪನವರು.
"ಆ ಮನಿಯಾರ್ಡರಿನ ಕೂಪನ್ನಿನಲ್ಲಿ ಒಂದೇ ಸಾಲಿತ್ತು:
ತಲುಪಿದ್ದಕ್ಕೆ ಕಾಗದ ಹಾಕು.
ಯಾರು ಹಾಕಬೇಕಿತ್ತು, ಹೇಳು?"

ಉತ್ತರ ಹೊಳೆಯಲಿಲ್ಲ.
ಒಳಗೆ ಬಂದು ಪಿಂಗ್ ಮಾಡಿದೆ.
ತಲುಪಿತು, ಎಂದಿತು.
ತಲುಪಿತು.
ತಲುಪಿತು.
ನಾಲ್ಕನೆಯದಕ್ಕೆ ಕೊಂಚ ತಡವಾಯಿತು.